ಹತ್ತೂವರೆಯ ಒಳಗೆ

ಪಪ್ಪ ಕಲ್ಯಾಣ ಸ್ಟೇಷನ್ನಿನ ಎದುರಿನ ಒಂದು ಶಾಕಾಹಾರಿ ಹೋಟೆಲಿನ ಗಲ್ಲಾದಲ್ಲಿ ಮೂವತ್ತೆಂಟು ವರ್ಷ ಕೂತವರು. ಹೋಟೆಲು ಅವರದಲ್ಲ, ಗಲ್ಲಾಪೆಟ್ಟಿಗೆಯೊಳಗಿನ ದುಡ್ಡೂ ಅವರದಲ್ಲ. ಆದರೂ ಆ ಕುರ್ಚಿಯಲ್ಲಿ ಬೇರೆ ಯಾರಾದರೂ ಕೂತ ದಿನ ಗಿರಾಕಿಗಳು ಬಿಲ್ಲು ಕೊಡುವ ಮೊದಲು "ಅಣ್ಣಾ ಕಿಧರ್ ಹೈ?", ಅಣ್ಣ ಎಲ್ಲಿ ಎಂದು ವಿಚಾರಿಸಿಕೊಳ್ಳುತ್ತಿದ್ದರು.

ಆ ಕುರ್ಚಿಯಲ್ಲಿ ಕೂತು ಪಪ್ಪ ತಮಗೆ ತಾವೇ ಮಾಡಿಕೊಂಡ ಎರಡು ನಿಯಮಗಳಿದ್ದವು. ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಬರುವವರೆಲ್ಲ ಲೋಕಲ್ ಹಿಡಿಯುವ ಗಡಿಬಿಡಿಯವರು. ಒಂದು ಕೈಯಲ್ಲಿ ಡಬ್ಬಿಯ ಚೀಲ, ಕಣ್ಣು ಗೋಡೆಯ ಗಡಿಯಾರದ ಮೇಲೆ. ಕೊಟ್ಟ ಚಿಲ್ಲರೆಯನ್ನು ನೋಡದೆಯೇ ಜೇಬಿಗೆ ಸುರಿದುಕೊಂಡು ಓಡುವವರು. ಅಂಥವರಿಗೆ ಪಪ್ಪ ಎರಡು ಸಲ ಎಣಿಸಿ, ಗಟ್ಟಿಯಾಗಿ ಹೇಳಿ ಚಿಲ್ಲರೆ ಕೊಡುತ್ತಿದ್ದರು. "ಆರಾಮಾಗಿ ಬಂದವ ಅವನೇ ಎಣಿಸಿಕೊಳ್ತಾನೆ. ಅವಸರದಲ್ಲಿ ಇರುವವನಿಗೆ ನಾವು ಎಣಿಸಿ ಕೊಡಬೇಕು" ಅನ್ನುತ್ತಿದ್ದರು. ಎರಡನೆಯದು, ಪುಕ್ಕಟೆ ಊಟಕ್ಕೂ ಚೀಟಿ. ಮಾಲೀಕರ ನೆಂಟರು ಬರಲಿ, ಊರಿನಿಂದ ಕೆಲಸ ಹುಡುಕಿಕೊಂಡು ಯಾರಾದರೂ ಬರಲಿ, ದುಡ್ಡು ತೆಗೆದುಕೊಳ್ಳದೆ ಉಣ್ಣಿಸಿದರೂ ಬಿಲ್ ಪುಸ್ತಕದಿಂದ ಒಂದು ಚೀಟಿ ಹರಿದು, ಅದರ ಮೇಲೆ ದೊಡ್ಡ ಸೊನ್ನೆ ಬರೆದು ಮೊಳೆಗೆ ಚುಚ್ಚುತ್ತಿದ್ದರು.

ಈ ಎರಡನ್ನೂ ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ನಾನು ಅವರ ಈ ಮೂವತ್ತೆಂಟು ವರ್ಷಗಳನ್ನೇ ಒಂದು ಶುಕ್ರವಾರ ಥಾಣೆಯ ಒಂದು ಕಾರು ಶೋರೂಮಿನಲ್ಲಿ, ಹತ್ತು ಜನರ ಎದುರು, ಒಂದೇ ಮಾತಿನಲ್ಲಿ ಹೊಡೆದುಹಾಕಿದೆ.

ನಮ್ಮದು ಮೂರೇ ಜನರ ಸಂಸಾರ. ಪಪ್ಪ, ಅಮ್ಮ, ಮದುವೆಯ ಗೋಜಿಗೆ ಹೋಗದೆ ಮನೆಯಲ್ಲೇ ಉಳಿದ ಮಗಳು ನಾನು. ಊರು ಉಡುಪಿಯ ಕಡೆ, ಮನೆ ಡೊಂಬಿವಲಿ ಪೂರ್ವದಲ್ಲಿ, ನನ್ನ ಆಫೀಸು ವಾಶಿಯಲ್ಲಿ. ಮನೆಯೊಳಗೆ ತುಳು, ಮೆಟ್ಟಿಲಿಳಿದರೆ ಮರಾಠಿ, ರಿಕ್ಷಾ ಹತ್ತಿದರೆ ಹಿಂದಿ. ಯಾವ ಭಾಷೆ ಯಾವಾಗ ಬಾಯಿಗೆ ಬರುತ್ತದೆ ಎಂದು ನಾವು ಯಾರೂ ಯೋಚಿಸಿದವರಲ್ಲ. ನಾನಂತೂ ಯೋಚಿಸಲೇ ಇಲ್ಲ. ಸಿಟ್ಟು ಬಂದಾಗ ನನಗೆ ಹಿಂದಿ ಬರುತ್ತಿತ್ತು.

ಕಾರಿನ ಮಾತು ಎದ್ದದ್ದು ಅಮ್ಮನ ಮೊಣಕಾಲಿನಿಂದ. ಎರಡು ಸಾವಿರದ ಒಂಬತ್ತರ ಆಸುಪಾಸು. ಶನಿವಾರ ಶನಿವಾರ ಅವರಿಗೆ ನೆರೂಳಿನಲ್ಲಿ ಭಜನೆ ಇತ್ತು. ನಮ್ಮ ಊರಿನ ಕಡೆಯ ಏಳೆಂಟು ಹೆಂಗಸರು ಒಬ್ಬರ ಮನೆಯಲ್ಲಿ ಸೇರಿ ಹಾಡುವುದು, ಆಮೇಲೆ ಅವಲಕ್ಕಿ ತಿನ್ನುವುದು. ಅದು ಬಿಟ್ಟರೆ ಅಮ್ಮನಿಗೆ ಹೊರಗೆ ಹೋಗುವ ಆಸೆ ಎಂದು ಇದ್ದದ್ದೇ ಕಡಿಮೆ. ಆದರೆ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೆಟ್ಟಿಲು ಹತ್ತುವಾಗ ಹಿಂದಿನವರು ನೂಕುತ್ತಿದ್ದರು, ಥಾಣೆಯಲ್ಲಿ ಗಾಡಿ ಬದಲಿಸುವಾಗ ಇನ್ನೊಮ್ಮೆ ಹತ್ತಬೇಕು. ಒಂದು ಶನಿವಾರ ಅಮ್ಮ ಸೀರೆ ಉಟ್ಟು, ಹೂ ಮುಡಿದು, ಬಾಗಿಲವರೆಗೆ ಬಂದು ನಿಂತರು. "ಇವತ್ತು ಬೇಡ" ಎಂದು ಹೂ ತೆಗೆದು ದೇವರ ಮುಂದೆ ಇಟ್ಟರು. ಮರು ಶನಿವಾರ ಸೀರೆಯನ್ನೇ ಉಡಲಿಲ್ಲ. ಕಾರು ತೆಗೆದುಕೊಳ್ಳೋಣ ಎಂದು ನಾನು ಅಂದೆ. ಪಪ್ಪ ತಾವು ಕೂಡಿಟ್ಟದ್ದರಲ್ಲಿ ಮೊದಲ ಕಂತು ಕೊಡುತ್ತೇನೆ ಅಂದರು. ಗಾಡಿ ಅವರ ಹೆಸರಿನಲ್ಲೇ ಇರಲಿ ಎಂದು ನಾನೇ ಹಟ ಹಿಡಿದೆ. ಜೀವನದಲ್ಲಿ ಒಂದು ಸೈಕಲ್ಲೂ ಅವರ ಹೆಸರಿನಲ್ಲಿ ಇರಲಿಲ್ಲ.

ಶೋರೂಮಿಗೆ ನಾನು ತಯಾರಾಗಿಯೇ ಹೋದವಳು. ಆಫೀಸಿನಲ್ಲಿ ಕಾರು ತೆಗೆದುಕೊಂಡವರೆಲ್ಲ ನನಗೆ ಪಾಠ ಹೇಳಿಕೊಟ್ಟಿದ್ದರು. ಗಾಡಿಯ ಬಣ್ಣ ಕಾಯಲು ಕೋಟಿಂಗ್ ಅಂತ ಹೇಳುತ್ತಾರೆ, ಬೇಡ ಅನ್ನು. ಸೀಟ್ ಕವರು, ಮ್ಯಾಟು, ಸುಗಂಧದ ಬಾಟಲಿ ಸೇರಿಸಿ ಕಿಟ್ ಅನ್ನುತ್ತಾರೆ, ಬೇಡ ಅನ್ನು. ಎಲ್ಲಕ್ಕಿಂತ ಮುಖ್ಯ, ಕಂಪನಿಯ ಎರಡು ವರ್ಷದ ವಾರಂಟಿ ಮುಗಿದ ಮೇಲೆ ಇನ್ನೆರಡು ವರ್ಷಕ್ಕೆ ಎಕ್ಸ್‌ಟೆಂಡೆಡ್ ವಾರಂಟಿ ಎಂದು ಬೇರೆ ದುಡ್ಡು ಕೇಳುತ್ತಾರೆ, ಅದಕ್ಕಂತೂ ತಲೆ ಆಡಿಸಲೇಬೇಡ. ಮನೆಯಲ್ಲಿ ಪಪ್ಪನ ಎದುರು ಈ ಪಾಠವನ್ನೆಲ್ಲ ಒಪ್ಪಿಸಿದಾಗ ಅವರು ನಕ್ಕರು. "ನನಗೆ ಹೇಳ್ತೀಯಾ? ಮಾರುವ ಕಡೆ ಕೂತು ಕೂದಲು ಬೆಳ್ಳಗಾದದ್ದು ನಂದು."

ಶೋರೂಮಿನ ಹುಡುಗನಿಗೆ ಮೂವತ್ತು ವರ್ಷ ಇರಬಹುದು. ಟೈ ಕಟ್ಟಿದ್ದ. ಮೊದಲು ಹಿಂದಿಯಲ್ಲಿ ಶುರು ಮಾಡಿದವನು, ಪಪ್ಪ ನನ್ನ ಕಿವಿಯಲ್ಲಿ ತುಳುವಿನಲ್ಲಿ ಏನೋ ಹೇಳಿದ್ದು ಕೇಳಿ ತಟ್ಟನೆ ತಿರುಗಿದ. "ಈರೆನ ಊರು ಓಲು?" ಎಂದು ಕೇಳಿದ. ನಿಮ್ಮ ಊರು ಎಲ್ಲಿ ಎಂದು ಅಷ್ಟೇ ಕೇಳಿದ್ದು, ಪಪ್ಪನ ಮುಖ ಅರಳಿಹೋಯಿತು. ಅವನ ತಂದೆ ಕಾರ್ಕಳದ ಕಡೆಯವರಂತೆ, ಇವನು ಹುಟ್ಟಿ ಬೆಳೆದದ್ದು ಥಾಣೆಯಲ್ಲೇ ಅಂತೆ. ಅವನ ತುಳುವಿನಲ್ಲಿ ಅರ್ಧ ಹಿಂದಿ. ಪಪ್ಪನಿಗೆ ಅದೂ ಚಂದ. "ನಮ್ಮವನೇ" ಎಂದು ಅಮ್ಮನಿಗೆ ಹೇಳಿದರು.

ಆ ಬೆಳಗ್ಗೆ ನಿಜಕ್ಕೂ ಖುಷಿಯದು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಹುಡುಗ ಒಂದೊಂದೇ ಮುಂದಿಡುತ್ತಿದ್ದ, ನಾನು ಬೇಡ ಅನ್ನುತ್ತಿದ್ದೆ, ಅವನು ಮ್ಯಾನೇಜರನ ಕೋಣೆಗೆ ಹೋಗಿ ಮುಖ ಸಣ್ಣ ಮಾಡಿಕೊಂಡು ಬರುತ್ತಿದ್ದ. ಇವತ್ತು ಸಂಜೆಗೆ ಆಫರು ಮುಗಿಯುತ್ತದೆ, ಈ ಬಣ್ಣದ್ದು ಒಂದೇ ಗಾಡಿ ಉಳಿದಿದೆ, ಇನ್ನೊಬ್ಬರು ಕಣ್ಣು ಹಾಕಿದ್ದಾರೆ. ಪಪ್ಪ ನಾಟಕ ನೋಡುವವರ ಹಾಗೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. "ಈಗ ನೋಡು, ಹೊರಗೆ ಬಂದು ಮ್ಯಾಟ್ ಫ್ರೀ ಅಂತಾನೆ" ಎಂದು ಪಿಸುಗುಟ್ಟಿದರು. ಅವನು ಬಂದು "ಅಂಕಲ್, ನಿಮಗೋಸ್ಕರ ಮ್ಯಾಟ್ ಫ್ರೀ" ಅಂದ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ವಾರಂಟಿಯ ಮಾತೂ ಬಂತು. ನಾನು ಬೇಡ ಅಂದೆ. ಅವನು ಮತ್ತೆ ಒತ್ತಾಯ ಮಾಡಲಿಲ್ಲ. ಅದು ನನಗೆ ಸ್ವಲ್ಪ ಆಶ್ಚರ್ಯವೇ ಆಯಿತು.

ಎದ್ದು ಹೊರಡುವಾಗ ಪಪ್ಪ ಒಂದು ಮಾತು ಹೇಳಿದರು. ಗಾಡಿ ಶುಕ್ರವಾರ ಬೇಕು, ಅಮ್ಮನ ಆಸೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಹತ್ತೂವರೆಯ ಒಳಗೆ ಕೀಲಿಕೈ ಕೈಗೆ ಬರಬೇಕು, ಪೂಜೆ ಆಗಿ ಗಾಡಿ ಗೇಟು ದಾಟಬೇಕು. ಇಲ್ಲಿನ ಮರಾಠಿ ಜನ ಮುಹೂರ್ತ ನೋಡುತ್ತಾರೆ, ಆದರೆ ನಮ್ಮ ಹಾಗೆ ದಿನದಿನದ ರಾಹುಕಾಲವನ್ನು ಬಾಯಿಪಾಠ ಇಟ್ಟುಕೊಂಡವರು ಕಡಿಮೆ. ಹುಡುಗನಿಗೆ ವಿವರಿಸುವ ಅಗತ್ಯ ಬೀಳಲಿಲ್ಲ. "ಗೊತ್ತುಂಟು ಅಂಕಲ್, ನಮ್ಮ ಮನೆಯಲ್ಲೂ ನೋಡ್ತಾರೆ" ಎಂದು ಡೈರಿ ತೆಗೆದು 10:30 ಎಂದು ಬರೆದು, ಕೆಂಪು ಪೆನ್ನಿನಲ್ಲಿ ಅದರ ಅಡಿಗೆ ಎರಡು ಗೆರೆ ಎಳೆದ. ನಾನೂ ಮೆಚ್ಚಿಕೊಂಡೆ.

ಶುಕ್ರವಾರ ಒಂಬತ್ತೂಕಾಲಿಗೇ ನಾವು ಅಲ್ಲಿದ್ದೆವು. ಅಮ್ಮ ಪೂಜೆಯಾಗುವ ತನಕ ಹನಿ ನೀರೂ ಮುಟ್ಟುವುದಿಲ್ಲ ಎಂದು ಹೊರಟವರು. ಮಡಿಲಲ್ಲಿ ತಟ್ಟೆ, ತಟ್ಟೆಯಲ್ಲಿ ಕುಂಕುಮ, ತೆಂಗಿನಕಾಯಿ, ನಾಲ್ಕು ಲಿಂಬೆಹಣ್ಣು. ಗಾಡಿ ಗಾಜಿನ ಆಚೆ ಹಾರ ಹಾಕಿಸಿಕೊಂಡು ನಿಂತಿತ್ತು. ಹುಡುಗ ಬಂದು ಕಾಲಿಗೆ ನಮಸ್ಕಾರವನ್ನೂ ಮಾಡಿದ. ಐದು ನಿಮಿಷ ಅಂದ. ಫೈಲು ಮೇಲೆ ಉಂಟು ಅಂದ. ಒಂಬತ್ತೂ ಮುಕ್ಕಾಲಾಯಿತು. ಪ್ರಿಂಟರು ಕೆಟ್ಟಿದೆ ಅಂದ. ಹತ್ತಾಯಿತು. ಮ್ಯಾನೇಜರ್ ಸಾಹೇಬರ ಸಹಿ ಅಂದ. ಪಪ್ಪ ಎದ್ದು, ಕೂತು, ಮತ್ತೆ ಎದ್ದು ಗಡಿಯಾರ ನೋಡುತ್ತಿದ್ದರು. ಮೂವತ್ತೆಂಟು ವರ್ಷ ಅವರು ಗಲ್ಲಾದ ಆಚೆಗೆ ನೋಡಿದ ಮುಖ ಆ ದಿನ ಅವರದೇ ಆಗಿತ್ತು. ಅದು ನನಗೆ ಹೊಳೆದದ್ದು ತುಂಬಾ ತಡವಾಗಿ.

ಹತ್ತೂ ಇಪ್ಪತ್ತಕ್ಕೆ ಹುಡುಗ ಓಡಿಕೊಂಡೇ ಬಂದ. ಪುಟಗಳ ನಡುವೆ ಬೆರಳಿಟ್ಟಿದ್ದ, ಪೆನ್ನಿನ ಮುಚ್ಚಳ ಮೊದಲೇ ತೆಗೆದಿತ್ತು. "ಅಂಕಲ್, ಬೇಗ ಬೇಗ, ಹತ್ತೂವರೆ ಆಗ್ತದೆ. ಇಲ್ಲಿ ಒಂದು, ಇಲ್ಲಿ ಒಂದು, ಇಲ್ಲಿ." ಆಗ ನಾನು ಅಮ್ಮನನ್ನು ಸೋಫಾದಿಂದ ಎಬ್ಬಿಸಿ ಗಾಡಿಯ ಹತ್ತಿರ ನಡೆಸುತ್ತಿದ್ದೆ. ತಿರುಗಿ ಬಂದು ಬಿಲ್ಲು ನೋಡಿದರೆ ಕೊನೆಯಿಂದ ಎರಡನೇ ಸಾಲಿನಲ್ಲಿ ಎಕ್ಸ್‌ಟೆಂಡೆಡ್ ವಾರಂಟಿ ಕೂತಿತ್ತು. ಅದರ ಫಾರಂ ಬೇರೆ, ಅದರ ಮೇಲೂ ಪಪ್ಪನ ಗುಂಡಗಿನ ಕನ್ನಡ ಸಹಿ.

ಇದೇನು ಎಂದು ಕೇಳಿದೆ. ಅಷ್ಟು ಹೊತ್ತೂ ತುಳುವಿನಲ್ಲಿ ಬೆಣ್ಣೆ ಹಚ್ಚುತ್ತಿದ್ದವನು ಈಗ ಹಿಂದಿಗೆ ಇಳಿದ. ಮ್ಯಾಡಂ, ಅಂಕಲ್ ಸಹಿ ಮಾಡಿದ್ದಾರೆ. ತೆಗೆಯಬೇಕೆಂದರೆ ತೆಗೆಯೋಣ, ತೊಂದರೆ ಇಲ್ಲ, ಆದರೆ ಬಿಲ್ಲು ಹೊಸದಾಗಿ ಮಾಡಬೇಕು, ಒಂದು ಗಂಟೆ ಹಿಡಿಯುತ್ತದೆ. ಹಾಗೆಂದು ಗೋಡೆಯ ಗಡಿಯಾರ ನೋಡಿದ. ನಾವೂ ನೋಡಿದೆವು. ಹತ್ತೂ ಇಪ್ಪತ್ತಾರು. ಕೆಂಪು ಪೆನ್ನಿನ ಆ ಎರಡು ಗೆರೆ ಯಾತಕ್ಕೆ ಬಿದ್ದಿದ್ದವು ಎಂದು ನನಗೆ ಆಗ ಗೊತ್ತಾಯಿತು. ಸಾಬೀತು ಮಾಡಲು ನನ್ನ ಹತ್ತಿರ ಏನೂ ಇಲ್ಲ, ಆದರೆ ನನಗೆ ಗೊತ್ತು.

"ಇರಲಿ ಬಿಡು. ಆವು" ಅಂದರು ಪಪ್ಪ.

ಆವು ಎಂದರೆ ತುಳುವಿನಲ್ಲಿ ಆಗಲಿ ಎಂದು. ಪಪ್ಪನಿಗೆ ಅದು ಒಪ್ಪಿಗೆಯ ಮಾತೂ ಹೌದು, ಮಾತು ಮುಗಿಸುವ ಮಾತೂ ಹೌದು. ಯಾವುದು ಯಾವಾಗ ಎಂದು ಅಮ್ಮನಿಗೆ ಮಾತ್ರ ತಿಳಿಯುತ್ತಿತ್ತು.

ನನ್ನ ಸಿಟ್ಟು ಆ ಹುಡುಗನ ಮೇಲೆ. ಅದು ಬಿದ್ದದ್ದು ಪಪ್ಪನ ಮೇಲೆ. ಅವನಿಗೆ ಬೈದರೆ ಅವನು ನಗುತ್ತಾನೆ, ಪಪ್ಪನಿಗೆ ಬೈದರೆ ತಾಗುತ್ತದೆ ಎಂದು ನನ್ನ ಒಳಗಿನ ಯಾವುದೋ ಕೆಟ್ಟ ಮೂಲೆಗೆ ತಿಳಿದಿತ್ತು. ಇಡೀ ಶೋರೂಮಿಗೆ ಕೇಳುವ ಹಾಗೆ ಅಂದೆ: "ಪಪ್ಪಾ, ಇಸ್‌ನೇ ಆಪ್‌ಕೋ ಉಲ್ಲೂ ಬನಾಯಾ! ಚಾಲೀಸ್ ಸಾಲ್ ಗಲ್ಲೇ ಪೇ ಬೈಠ್‌ಕೇ ಯಹೀ ಸೀಖಾ ಕ್ಯಾ?"

ನಿಮ್ಮನ್ನು ಇವನು ಪೆದ್ದು ಮಾಡಿದ, ನಲವತ್ತು ವರ್ಷ ಗಲ್ಲಾದಲ್ಲಿ ಕೂತು ಕಲಿತದ್ದು ಇದನ್ನೇನಾ ಎಂದು. ಪಕ್ಕದ ಮೇಜಿನಲ್ಲಿ ಕೂತಿದ್ದ ಗಂಡ ಹೆಂಡತಿ ತಿರುಗಿ ನೋಡಿದರು. ಬಾಗಿಲಿನ ವಾಚ್‌ಮನ್ ನೋಡಿದ. ಚಹಾ ತಂದಿದ್ದ ಕೆಲಸದ ಹೆಂಗಸು ಟ್ರೇ ಹಿಡಿದುಕೊಂಡು ಅಲ್ಲೇ ನಿಂತಳು. ಅಮ್ಮ ತಟ್ಟೆಯಲ್ಲಿನ ಲಿಂಬೆಹಣ್ಣುಗಳನ್ನು ನೋಡುತ್ತಿದ್ದರು. ಪಪ್ಪ ಪೆನ್ನಿಗೆ ಮುಚ್ಚಳ ಹಾಕಿ, ಅದನ್ನು ಹುಡುಗನ ಕೈಗೆ ಕೊಟ್ಟರು.

ಅವಸರದಲ್ಲಿ ಪೂಜೆ ಮುಗಿದು, ಹತ್ತೂ ಇಪ್ಪತ್ತೊಂಬತ್ತಕ್ಕೆ ಗಾಡಿ ಲಿಂಬೆಹಣ್ಣುಗಳ ಮೇಲೆ ಹತ್ತಿ ಗೇಟು ದಾಟಿತು. ಗೇಟಿನ ಆಚೆ ನಿಲ್ಲಿಸಿ, ರಟ್ಟಿನ ದೊಡ್ಡ ಕೀಲಿಕೈಯೊಂದನ್ನು ಕೊಟ್ಟು ಫೋಟೋ ತೆಗೆದರು. ಆ ಫೋಟೋ ಚೌಕಟ್ಟು ಹಾಕಿಸಿಕೊಂಡು ಮನೆಗೂ ಬಂತು. ಮೂವರಲ್ಲಿ ಒಬ್ಬರೂ ಕ್ಯಾಮರಾ ನೋಡುತ್ತಿಲ್ಲ.

ಮನೆಯಲ್ಲಿ ಆ ದಿನದ ಮಾತು ಯಾರೂ ಎತ್ತಲಿಲ್ಲ. ಅಮ್ಮ ಶನಿವಾರದ ಭಜನೆಗೆ ಮತ್ತೆ ಹೋಗತೊಡಗಿದರು, ನಾನು ಶಿಳ್‌ಫಾಟಾದ ರಸ್ತೆಯಲ್ಲಿ ಲಾರಿಗಳ ನಡುವೆ ಗಾಡಿ ಓಡಿಸಲು ಕಲಿತೆ. ವಾರಂಟಿಯ ಪುಸ್ತಕವನ್ನು ಪಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಪಂಚಾಂಗ ತೂಗುಹಾಕುವ ಮೊಳೆಗೇ ಸಿಕ್ಕಿಸಿದರು. ಅದರ ಒಂದೊಂದು ಷರತ್ತನ್ನೂ ಓದಿದ್ದರು. ಇಂಗ್ಲಿಷ್ ಅರ್ಥವಾಗದ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿ ಕೆಳಗಿನ ಮನೆಯ ಮಾಸ್ತರರನ್ನು ಕೇಳಿ ಬರುತ್ತಿದ್ದರು. ಸರ್ವಿಸಿಗೆ ಹೊರಗೆ ಕೊಡಬಾರದು, ಇಷ್ಟು ಕಿಲೋಮೀಟರಿಗೆ ಸರಿಯಾಗಿ ಕೊಡಬೇಕು, ಪುಸ್ತಕದಲ್ಲಿ ಮೊಹರು ಬೀಳಬೇಕು. ಸರ್ವಿಸಿಗೆ ಎರಡು ದಿನ ತಡವಾದರೆ ನನ್ನ ಹಿಂದೆ ಬೀಳುತ್ತಿದ್ದರು.

ಮೂರನೇ ವರ್ಷ ಹಿಡಿಯಿತು, ಎಂದರೆ ನಾವು ದುಡ್ಡು ಕೊಟ್ಟು ಕೊಂಡ ವಾರಂಟಿಯ ಕಾಲ ಶುರುವಾಯಿತು. ಆಗಿನಿಂದ ಪಪ್ಪ ಪ್ರತಿ ಭಾನುವಾರ ಒಂದು ಪ್ರಶ್ನೆ ಕೇಳತೊಡಗಿದರು. "ಗಾಡಿಯಲ್ಲಿ ಏನಾದರೂ ಸದ್ದು ಬರ್ತದಾ?" ಇಲ್ಲ ಪಪ್ಪ, ಚೆನ್ನಾಗಿದೆ ಅನ್ನುತ್ತಿದ್ದೆ. "ಏಸಿ?" ತಣ್ಣಗೆ ಬರ್ತದೆ. "ಹೌದಾ" ಎಂದು ಪೇಪರು ಬಿಡಿಸುತ್ತಿದ್ದರು. ಕೆಲವು ತಿಂಗಳಾದ ಮೇಲೆ ನನಗೆ ಅರ್ಥವಾಯಿತು. ಅವರು ಗಾಡಿ ಕೆಡಲಿ ಎಂದು ಕಾಯುತ್ತಿದ್ದರು. ಒಂದೇ ಒಂದು ಸಲ, ದೊಡ್ಡದೇನಾದರೂ ಕೆಟ್ಟು, ಆ ಪುಸ್ತಕ ತೋರಿಸಿ ಪುಕ್ಕಟೆ ರಿಪೇರಿ ಆಗಿಬಿಟ್ಟರೆ ಆ ಶುಕ್ರವಾರದ ಸಹಿ ತಪ್ಪಾಗಿರಲಿಲ್ಲ ಎಂದಾಗುತ್ತದೆ. ಇದು ತಿಳಿದ ಮೇಲೆ ನಾನೂ ಕಾಯತೊಡಗಿದೆ. ಹೊಂಡ ಬಂದರೆ ತಪ್ಪಿಸದೆ ಇಳಿಸಿದ್ದುಂಟು. ಹಾಳು ಗಾಡಿ, ಕೆಡುವ ಮಾತೇ ಆಡಲಿಲ್ಲ.

ಕೊನೆಗೆ ನಾಲ್ಕನೇ ವರ್ಷ ಮುಗಿಯಲು ಎರಡು ತಿಂಗಳಿರುವಾಗ, ರಬಾಳೆಯ ಹತ್ತಿರ, ಸ್ಟೇರಿಂಗು ಕಲ್ಲಿನಂತೆ ಬಿಗಿಯಾಯಿತು. ಎಲೆಕ್ಟ್ರಿಕ್ ಸ್ಟೇರಿಂಗು, ಅದರ ಯೂನಿಟ್ಟೇ ಹೋಗಿದೆ ಅಂದರು ಗಾಡಿ ಎಳೆದೊಯ್ದ ವರ್ಕ್‌ಶಾಪಿನವರು. ದೊಡ್ಡ ಖರ್ಚಿನ ಕೆಲಸ. ಮನೆಗೆ ಫೋನ್ ಮಾಡಿದೆ. "ಪುಸ್ತಕದಲ್ಲಿ ಅದು ಉಂಟು, ಆರನೇ ಪುಟ ನೋಡು" ಅಂದರು ಪಪ್ಪ. ಅವರ ದನಿಯಲ್ಲಿ ಅಷ್ಟು ಸಂತೋಷವನ್ನು ನಾನು ನಾಲ್ಕು ವರ್ಷದಿಂದ ಕೇಳಿರಲಿಲ್ಲ.

ಮರುದಿನ ಪುಸ್ತಕ ಹಿಡಿದುಕೊಂಡು ಅದೇ ಶೋರೂಮಿನ ವರ್ಕ್‌ಶಾಪಿಗೆ ಹೋದೆ. ಹುಡುಗ ಕೆಲಸ ಬಿಟ್ಟು ಹೋಗಿದ್ದನಂತೆ. ಸೂಪರ್‌ವೈಸರು ನನ್ನನ್ನು ಗಾಡಿಯ ಹತ್ತಿರ ಕರೆದು, ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚು ಬಿಟ್ಟು ಒಂದು ವಯರು ತೋರಿಸಿದ. ಅದನ್ನು ಕತ್ತರಿಸಿ, ಇನ್ನೊಂದಕ್ಕೆ ಜೋಡಿಸಿ, ಕಪ್ಪು ಟೇಪು ಸುತ್ತಿತ್ತು. ಹೊರಗಿನವರಿಂದ ವಯರಿಂಗಿಗೆ ಕೈ ಹಾಕಿಸಿದ್ದೀರಿ, ಎಲೆಕ್ಟ್ರಿಕಲ್ ಕೆಲಸಕ್ಕೆ ವಾರಂಟಿ ನಡೆಯುವುದಿಲ್ಲ ಅಂದ. ನಾನು ಜಗಳಕ್ಕೆ ಬಾಯಿ ತೆರೆದು ಮುಚ್ಚಿದೆ. ಎರಡು ವರ್ಷದ ಹಿಂದೆ ಕಲ್ಯಾಣದ ಒಂದು ಅಂಗಡಿಯಲ್ಲಿ ನಾನೇ ಸಿಡಿ ಪ್ಲೇಯರು ಹಾಕಿಸಿದ್ದೆ. ಅಮ್ಮ ದಾರಿಯಲ್ಲಿ ಭಜನೆ ಕೇಳಲಿ ಎಂದು. ಪಪ್ಪ ಅವತ್ತು ಊರಿಗೆ ಹೋಗಿದ್ದರು. ಇದ್ದಿದ್ದರೆ ಪುಸ್ತಕ ತೆರೆದು ಬೇಡ ಅನ್ನುತ್ತಿದ್ದರು. ಬಂದ ಮೇಲೆ, ಶೋರೂಮಿನಲ್ಲೇ ಹಾಕಿಸಿದ್ದು ಅಂದುಕೊಂಡಿರಬೇಕು.

ಅವರು ನಾಲ್ಕು ವರ್ಷ ಒಂದು ಷರತ್ತೂ ಮುರಿಯದೆ ಕಾಪಾಡಿದ್ದನ್ನು ನಾನು ಒಂದು ಮಧ್ಯಾಹ್ನ ಮುರಿದಿದ್ದೆ. ಗಾಡಿಯನ್ನು ಹೊರಗಿನ ಗ್ಯಾರೇಜಿಗೆ ಒಯ್ದು, ನನ್ನ ದುಡ್ಡು ಕೊಟ್ಟು ರಿಪೇರಿ ಮಾಡಿಸಿದೆ. ಮನೆಗೆ ಬಂದು "ವಾರಂಟಿಯಲ್ಲಿ ಆಯ್ತು ಪಪ್ಪಾ, ಒಂದು ಪೈಸೆ ತಗೊಳ್ಳಲಿಲ್ಲ" ಅಂದೆ.

ಪಪ್ಪ ಎದ್ದು ನಿಂತರು. ಅಮ್ಮನ ಕಡೆ ತಿರುಗಿ, "ಕೇಳಿತಾ?" ಅಂದರು. ಆಮೇಲೆ ನನ್ನ ಮುಂದೆ ಕೈ ಚಾಚಿದರು. "ಕೊಡು."

"ಏನು?"

"ಚೀಟಿ. ದುಡ್ಡು ತಗೊಳ್ಳದಿದ್ದರೂ ಸೊನ್ನೆ ಬಿಲ್ಲು ಕೊಟ್ಟಿರಬೇಕಲ್ಲ. ಪುಸ್ತಕದಲ್ಲಿ ಮೊಹರು?"

ಎಂಥ ಮಗಳು ನಾನು. ಅವರ ಜೊತೆ ಮೂವತ್ತೈದು ವರ್ಷ ಬದುಕಿ, ಸೊನ್ನೆಯ ಚೀಟಿಯನ್ನೇ ಮರೆತು ಸುಳ್ಳು ಹೇಳಲು ಹೊರಟವಳು. "ಮೇಲ್ ಮಾಡ್ತಾರಂತೆ" ಅಂದೆ. ಚಾಚಿದ ಕೈ ಒಂದು ಗಳಿಗೆ ಹಾಗೆಯೇ ಇತ್ತು. "ಆವು" ಎಂದು ಅದನ್ನು ಹಿಂದಕ್ಕೆ ತೆಗೆದುಕೊಂಡರು. ಆ ಆವು ಯಾವುದು ಎಂದು ತಿಳಿಯಲು ನನಗೆ ಅಮ್ಮನ ಮುಖ ನೋಡಬೇಕಾಗಿ ಬರಲಿಲ್ಲ. ಮಾರನೇ ದಿನ ಮೊಳೆಯಲ್ಲಿ ಪಂಚಾಂಗ ಒಂದೇ ಇತ್ತು. ಪುಸ್ತಕ ಹಳೇ ಪೇಪರಿನ ಕಟ್ಟಿನಲ್ಲಿ ಸಿಕ್ಕಿತು, ರದ್ದಿಯವನು ಬರುವ ಮೊದಲು ತೆಗೆದು ನನ್ನ ಕಪಾಟಿನಲ್ಲಿ ಅಡಗಿಸಿಟ್ಟೆ. ಭಾನುವಾರದ ಪ್ರಶ್ನೆ ಅಲ್ಲಿಗೆ ನಿಂತಿತು.

ಅದರ ಮರುವರ್ಷ ಅಮ್ಮ ಹೋದರು. ಹೆಚ್ಚು ದಿನ ನರಳಲಿಲ್ಲ. ಕೊನೆಯ ಸಲ ಆಸ್ಪತ್ರೆಗೆ ಅದೇ ಗಾಡಿಯಲ್ಲಿ ಕರೆದೊಯ್ದೆ, ಭಜನೆ ಹಾಕಲಾ ಎಂದು ಕೇಳಿದೆ, ಬೇಡ ಎಂದು ತಲೆ ಆಡಿಸಿದರು. ಅವರು ಹೋದ ಮೇಲೆ ಮನೆಯಲ್ಲಿ ಮಾತು ಕಡಿಮೆಯಾಯಿತು. ಪಪ್ಪನ ಆವು ಎಂಬುದಕ್ಕೆ ಅರ್ಥ ಹೇಳುವವರು ಇಲ್ಲವಾದರು. ನನಗೆ ಕ್ಷಮೆ ಕೇಳಬೇಕೆನಿಸಿದ ದಿನಗಳು ಬೇಕಾದಷ್ಟು ಬಂದವು. ಒಂದಕ್ಕೆ ಕೇಳಿದರೆ ಇನ್ನೊಂದಕ್ಕೂ ಕೇಳಬೇಕು, ಬೈದದ್ದಕ್ಕೂ ಸುಳ್ಳಿಗೂ. ಎರಡಕ್ಕೂ ಸೇರಿ ಧೈರ್ಯ ಬರಲಿಲ್ಲ.

ಗಾಡಿ ಬದಲಿಸುವ ಕಾಲ ಬಂದದ್ದು ಎರಡು ಸಾವಿರದ ಹದಿನಾರರ ಸುಮಾರಿಗೆ. ಈಗ ಮೊಣಕಾಲು ನೋವು ಪಪ್ಪನಿಗೆ. ಅವರನ್ನು ಇಳಿಸಿ ಹತ್ತಿಸಲು ಸ್ವಲ್ಪ ಎತ್ತರದ ಗಾಡಿ ಬೇಕಿತ್ತು. ಈ ಸಲ ನವಿ ಮುಂಬಯಿಯ ಬೇರೆ ಶೋರೂಮು. ಒಬ್ಬ ಮರಾಠಿ ಹುಡುಗಿ, ಚುರುಕಿನವಳು. ಡೆಲಿವರಿ ಯಾವತ್ತು ಬೇಕು ಅಂದಾಗ ನನ್ನ ಬಾಯಿಂದ ಶುಕ್ರವಾರ ಎಂದು ಬಂತು. ಅಮ್ಮನ ದಿನ. ಹತ್ತೂವರೆಯ ಮಾತನ್ನು ಪಪ್ಪನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ಶುಕ್ರವಾರ ನಾವು ತಲುಪುವಾಗಲೇ ಹತ್ತು ಗಂಟೆ. ಹುಡುಗಿ ಫೈಲು ತಂದಾಗ ಹತ್ತೂ ಇಪ್ಪತ್ತು. ಈ ಸಲ ಗಾಡಿ ನನ್ನ ಹೆಸರಿನಲ್ಲಿ, ಸಹಿ ನನ್ನದು. ಸಾಲು ಸಾಲಾಗಿ ಬೆರಳಿಟ್ಟು ಓದಿದೆ. ಎಕ್ಸ್‌ಟೆಂಡೆಡ್ ವಾರಂಟಿ ಅಲ್ಲೇ ಇತ್ತು, ಬೇಡ ಎಂದು ಎರಡು ಸಲ ಹೇಳಿದ ಮೇಲೂ. "ಮ್ಯಾಮ್, ಅದು ಪ್ಯಾಕೇಜಿನಲ್ಲೇ ಬರುತ್ತದೆ. ತೆಗೆದರೆ ಹೊಸ ಬಿಲ್ಲು, ಒಂದು ಗಂಟೆ ಆಗುತ್ತದೆ" ಅಂದಳು. ಅದೇ ಮಾತು. ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಾರೇನೋ.

ಪಕ್ಕದಲ್ಲಿ ಪಪ್ಪ ಕೈಗಡಿಯಾರ ನೋಡಿಕೊಂಡರು. ಯಾರಿಗೂ ಕಾಣದ ಹಾಗೆ, ಅಂಗಿಯ ತೋಳನ್ನು ಸ್ವಲ್ಪವೇ ಸರಿಸಿ.

"ತೆಗೆಯಿರಿ. ಹೊಸ ಬಿಲ್ಲು ಮಾಡಿ. ನಮಗೆ ಕೀಲಿಕೈ ಹನ್ನೆರಡರ ನಂತರ ಸಾಕು" ಅಂದೆ. ಆಕೆ ಬೇರೆ ಡೆಲಿವರಿಗಳಿವೆ, ಗಾಡಿ ನಿಲ್ಲಿಸಲು ಜಾಗವಿಲ್ಲ ಎಂದೆಲ್ಲ ಹೇಳಿದಳು. ನಾವು ಕೂತಿರುತ್ತೇವೆ ಎಂದು ಪಪ್ಪನನ್ನು ಸೋಫಾದಲ್ಲಿ ಕೂರಿಸಿ ಪಕ್ಕದಲ್ಲಿ ಕೂತೆ.

ಗಾಜಿನ ಗೋಡೆಯ ಆಚೆ ಪಾಮ್‌ಬೀಚ್ ರಸ್ತೆಯ ಗಾಡಿಗಳು ಹೋಗುತ್ತಿದ್ದವು. ಎರಡು ಸಲ ಕಾಫಿ ಬಂತು. ಹನ್ನೊಂದು ದಾಟಿತು. ಅಮ್ಮ ಹೋದ ಮೇಲೆ ನಾವಿಬ್ಬರೂ ಅಷ್ಟು ಹೊತ್ತು, ಟೀವಿಯಿಲ್ಲದೆ, ಪೇಪರಿಲ್ಲದೆ ಪಕ್ಕಪಕ್ಕದಲ್ಲಿ ಕೂತದ್ದು ಅದೇ ಮೊದಲು.

"ಆ ದಿನವೂ ಹೀಗೇ ಕೂತುಬಿಡಬಹುದಿತ್ತು ಪಪ್ಪಾ" ಅಂದೆ. ಯಾವ ದಿನ ಎಂದು ಅವರು ಕೇಳಲಿಲ್ಲ.

"ನಿನ್ನ ಅಮ್ಮ ಉಪವಾಸ ಇದ್ದಳಲ್ಲ. ಹನ್ನೆರಡರ ತನಕ ಹೇಗೆ ಕೂರಿಸುವುದು?" ಅಂದರು. ಗಾಜಿನ ಆಚೆಯ ರಸ್ತೆ ನೋಡುತ್ತ ಮುಂದುವರಿಸಿದರು: "ನಾನು ಮೋಸ ಹೋದದ್ದು ಹೌದು. ಓದದೆ ಸಹಿ ಹಾಕಿದೆ. ಅವಸರದ ಗಿರಾಕಿ ನಾನೇ ಆದೆ. ನೀನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ."

ನಾನು ಏನೋ ಹೇಳಲು ಹೋದೆ. ಅವರು ಕೈ ಅಡ್ಡ ಹಿಡಿದರು.

"ಆದರೆ ನೀನು ಅದನ್ನು ಹಿಂದಿಯಲ್ಲಿ ಹೇಳಿದೆ. ನನಗೆ ಹೇಳುವುದಾಗಿದ್ದರೆ ತುಳುವಿನಲ್ಲಿ ಹೇಳ್ತಿದ್ದೆ. ನೀನು ಹೇಳಿದ್ದು ನನಗಲ್ಲ. ಅವರಿಗೆಲ್ಲ."

ಏಳು ವರ್ಷ ನಾನು ಉಲ್ಲೂ ಎಂಬ ಮಾತಿಗೆ, ನಲವತ್ತು ವರ್ಷ ಎಂಬ ಮಾತಿಗೆ ಮನಸ್ಸಿನಲ್ಲೇ ಕ್ಷಮೆ ಕೇಳುತ್ತ ಬಂದವಳು. ಗಾಯ ಇದ್ದದ್ದು ಅಲ್ಲಿ ಅಲ್ಲವೇ ಅಲ್ಲ. ನನಗೆ ಕಣ್ಣು ತುಂಬಿ ಎದುರಿನ ಗಾಡಿ ಕಾಣದಾಯಿತು. ಪಪ್ಪ ತಮ್ಮ ಕಾಫಿಯ ಲೋಟವನ್ನು ನನ್ನದರ ಒಳಗೆ ಇಟ್ಟು, ಎರಡನ್ನೂ ಪಕ್ಕಕ್ಕೆ ಸರಿಸಿದರು.

ಅಷ್ಟರಲ್ಲಿ ಹುಡುಗಿ ಹೊಸ ಬಿಲ್ಲಿನ ಜೊತೆ ಒಂದು ಫಾರಂ ಹಿಡಿದುಕೊಂಡು ಬಂದಳು. ವಾರಂಟಿ ಬೇಡ ಎಂದು ಬರೆದುಕೊಡುವ ಫಾರಂ. ಕೊನೆಯ ಪ್ರಯತ್ನ ಎಂಬಂತೆ ನನ್ನನ್ನು ಬಿಟ್ಟು ಪಪ್ಪನ ಕಡೆ ಬಾಗಿ, ಅಂಕಲ್, ಇಷ್ಟು ದುಬಾರಿ ಗಾಡಿ, ನಿಜವಾಗಿಯೂ ಬೇಡವಾ ಎಂದು ಹಿಂದಿಯಲ್ಲಿ ಕೇಳಿದಳು. ಸುತ್ತಲಿನ ಮೇಜುಗಳಲ್ಲಿ ಜನ ತುಂಬಿದ್ದರು. ಪಪ್ಪ ತಮ್ಮ ಕಲ್ಯಾಣದ ಗಲ್ಲಾದ ಹಿಂದಿಯಲ್ಲಿ, ಗಟ್ಟಿಯಾಗಿ, ಗಿರಾಕಿಗೆ ಚಿಲ್ಲರೆ ಎಣಿಸಿ ಹೇಳುವ ದನಿಯಲ್ಲೇ ಅಂದರು:

"ಮೇರೀ ಬೇಟೀ ಕೋ ಪೂಛೋ. ಉಸ್‌ಕೋ ಸಬ್ ಸಮಜ್ತಾ ಹೈ."

ನನ್ನ ಮಗಳನ್ನು ಕೇಳಿ, ಅವಳಿಗೆ ಎಲ್ಲ ತಿಳಿಯುತ್ತದೆ ಎಂದು. ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಫಾರಂ ತೆಗೆದುಕೊಂಡು ಸಹಿ ಹಾಕಿ ಎದ್ದು ನಿಂತೆ. ಬೇಕೆಂದೇ ಹಿಂದಿಯಲ್ಲಿ, ಬೇಕೆಂದೇ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಗಲ್ತೀ ಮೇರೀ ಥೀ ಪಪ್ಪಾ. ಆಪ್‌ಕೀ ನಹೀ. ಮೇರೀ ಥೀ."

ತಪ್ಪು ನನ್ನದು, ನಿಮ್ಮದಲ್ಲ ಎಂದು. ಪಕ್ಕದ ಮೇಜಿನವರು ತಿರುಗಿದರು. ಹುಡುಗಿ ನನ್ನ ಕೈಯಲ್ಲಿದ್ದ ಫಾರಂ ನೋಡಿದಳು, ಅದರಲ್ಲಿ ಏನೋ ತಪ್ಪು ಬರೆದಿದ್ದೇನೆ ಅಂದುಕೊಂಡಳು. "ಕೋಯೀ ಬಾತ್ ನಹೀ ಮ್ಯಾಮ್, ದೂಸ್ರಾ ಫಾರಂ ಲಾತೀ ಹೂಂ" ಎಂದು ಇನ್ನೊಂದು ಫಾರಂ ತರಲು ಒಳಗೆ ಹೋದಳು.

ಪಪ್ಪ ನನ್ನನ್ನು ನೋಡಲಿಲ್ಲ. ತೋಳು ಪೂರ್ತಿ ಮೇಲೆ ಸರಿಸಿ ಗಡಿಯಾರ ನೋಡಿದರು.

"ಆವು" ಅಂದರು. "ಹನ್ನೆರಡಕ್ಕೆ ಇನ್ನೂ ಹದಿನೈದು ನಿಮಿಷ ಉಂಟು. ಕುಲ್ಲು."

ಕುಲ್ಲು ಎಂದರೆ ಕೂತುಕೋ ಎಂದು. ನಾನು ಕೂತೆ.